‘ಪೊಟ್ಟಣ ಬೇಡ’ ಎಂಬ ಷರತ್ತಿನ ಕುರಿತು

ಮೇಲಿನ ವಿಷಯವನ್ನು ಓದುಗರ ಮುಂದಿಡುವ ಮೊದಲು ಒಂದು ಅರಿಕೆ ಮಾಡಿಕೊಳ್ಳಬೇಕಾಗಿದೆ. ಸೇವೆಯಲ್ಲಿದ್ದಷ್ಟು ಕಾಲವೂ ನಾನು ಟಿಪ್ಪಣಿ, ಕರಡು, ಜ್ಞಾಪನ ಮತ್ತು ನೆನಪೋಲೆಗಳನ್ನು ಬಿಟ್ಟು ಬೇರೇನನ್ನೂ ಬರೆದವನಲ್ಲ. ಈ ಬರಹವನ್ನಾದರೂ ಸಾಹಿತ್ಯದ ಭಾಷೆಯಲ್ಲಿ ಆರಂಭಿಸೋಣವೆಂದು ‘ಅಂದು ಸಂಜೆಯ ಹೊಂಬಿಸಿಲು’ ಎಂದು ಬರೆದು ನೋಡಿದೆ. ಮುಂದಿನ ವಾಕ್ಯ ‘ಸದರಿ ಹೊಂಬಿಸಿಲು’ ಎಂದು ತಾನಾಗಿಯೇ ಬಂದುಬಿಟ್ಟಿತು. ಆ ಹಾಳೆಯನ್ನು ಹರಿದುಹಾಕಿ, ನನಗೆ ಬರುವ ರೀತಿಯಲ್ಲಿಯೇ ಸಂಗತಿಗಳನ್ನು ನಿವೇದಿಸಲು ತೀರ್ಮಾನಿಸಿದ್ದೇನೆ. ತಪ್ಪಿದ್ದಲ್ಲಿ ಮನ್ನಿಸಬೇಕು.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಜಯನಗರದ ಮೂರನೇ ಬ್ಲಾಕಿನ ಒಂದು ಬಾಡಿಗೆ ಮನೆಯಲ್ಲಿ ತಾಯಿಯವರೊಂದಿಗೆ ವಾಸವಾಗಿದ್ದೆ. ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ತಾಯಿಯವರು ಮಡಿ ಮತ್ತು ಪಂಚಾಂಗ ಇವೆರಡರ ಆಧಾರದ ಮೇಲೆ ಮನೆಯ ಆಡಳಿತವನ್ನು ನಡೆಸುತ್ತಿದ್ದರು. ಹೊರಗಿನಿಂದ ತಂದ ತಿಂಡಿಯು ನಡುಮನೆಯವರೆಗೆ ಬರಬಹುದಿತ್ತು, ಅಡುಗೆಮನೆಯ ಹೊಸ್ತಿಲನ್ನು ದಾಟುವಂತಿರಲಿಲ್ಲ. ಈ ನಿಯಮವನ್ನು ಯಾರೂ ಬರೆದಿಟ್ಟಿರಲಿಲ್ಲ, ಆದ್ದರಿಂದಲೇ ಅದಕ್ಕೆ ತಿದ್ದುಪಡಿಯೂ ಸಾಧ್ಯವಿರಲಿಲ್ಲ.

ಕಚೇರಿಯಲ್ಲಿ ನನಗೆ ತಿಂಡಿಯ ವಿಷಯದಲ್ಲಿ ದೊಡ್ಡ ಅನುಭವಸ್ಥನೆಂಬ ಹೆಸರಿತ್ತು. ಬನಶಂಕರಿಯಲ್ಲಿ ಯಾವ ಬೇಕರಿಯ ಖಾರ ಬನ್ ಸಂಜೆ ಎಷ್ಟು ಹೊತ್ತಿಗೆ ಒಲೆಯಿಂದ ಹೊರಬರುತ್ತದೆ, ನಾಲ್ಕನೇ ಬ್ಲಾಕಿನ ಯಾವ ಅಯ್ಯಂಗಾರ್ ಬೇಕರಿಯವರು ದಿಲ್‌ಪಸಂದಿನೊಳಗೆ ಕೊಬ್ಬರಿಯನ್ನು ಧಾರಾಳವಾಗಿ ತುಂಬುತ್ತಾರೆ ಎಂಬ ವಿವರಗಳನ್ನು ನಾನು ಕಡತ ನೋಡದೆಯೇ ಹೇಳಬಲ್ಲವನಾಗಿದ್ದೆ. ಸಂಜೆ ಸೈಕಲ್ಲನ್ನು ಕಾಲಿಗೆ ಒರಗಿಸಿಕೊಂಡು, ಕಾಗದದ ಚೂರಿನ ಮೇಲೆ ಬನ್ ಇಟ್ಟುಕೊಂಡು, ಯಾರಾದರೂ ಪರಿಚಿತರು ಬಂದಾರೆಯೇ ಎಂದು ರಸ್ತೆಯನ್ನು ನೋಡುತ್ತ ತಿನ್ನುವುದು ನನ್ನ ಪದ್ಧತಿ. ಓದುಗರು ಗಮನಿಸಬೇಕಾದ ಅಂಶವೆಂದರೆ, ನನ್ನ ಜ್ಞಾನವೆಲ್ಲವೂ ನಿಂತು ತಿನ್ನುವ ಜ್ಞಾನ. ಕುಳಿತು ತಿನ್ನುವ ಹೋಟೆಲುಗಳೆಂದರೆ ನನಗೆ ಅಂಜಿಕೆ. ಮಾಣಿ ಬಂದು "ಏನ್ ಕೊಡ್ಲಿ ಸಾರ್?" ಎಂದಾಗ ಪಕ್ಕದ ಮೇಜಿನವರ ತಟ್ಟೆಯನ್ನು ಬೆರಳು ಮಾಡಿ ತೋರಿಸುತ್ತಿದ್ದೆ. ಹೀಗಾಗಿ ಆ ಕಾಲದಲ್ಲಿ ಬೇರೆಯವರಿಗೆ ಏನು ಇಷ್ಟವೋ ಅದನ್ನೇ ನಾನು ತಿಂದಿದ್ದೇನೆ.

ಇಂತಹ ನನ್ನನ್ನು ಕರೆದುಕೊಂಡು ತಾಯಿಯವರು ತುಮಕೂರಿನ ಕಡೆಯ ಒಂದು ಊರಿಗೆ ಹೆಣ್ಣು ನೋಡಲು ಹೋದರು. ಉಪ್ಪಿಟ್ಟು ಕಾಫಿಗಳಾದ ಮೇಲೆ ಹುಡುಗಿಯ ಸೋದರಮಾವನವರು, "ಏನಾದ್ರೂ ಕೇಳೋದಿದ್ರೆ ಕೇಳ್ಕೊಳ್ಳಿ" ಎಂದು ವಾಡಿಕೆಯಂತೆ ಹೇಳಿದರು. ಕೇಳುವುದು ಗಂಡಿನ ಕಡೆಯವರು, ತಲೆಯಾಡಿಸುವುದು ಹೆಣ್ಣು ಎಂಬುದು ಅಂದಿನ ಕ್ರಮ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹುಡುಗಿಯೇ ಕೇಳಿದಳು.

"ಬೆಂಗ್ಳೂರಲ್ಲಿ ಹೋಟ್ಲಿಗೆ ಹೋಗ್ತೀರಾ?"

"ಹೋಗ್ತೀನಿ."

"ಹೆಂಡ್ತೀನೂ ಕರ್ಕೊಂಡು ಹೋಗ್ತೀರಾ, ಇಲ್ಲ ಪೊಟ್ಟಣ ಕಟ್ಟಿಸ್ಕೊಂಡು ಬರ್ತೀರಾ?"

ಆಕೆಯ ತಂದೆಯವರು ಕೆಮ್ಮಿದರು. ಆ ಕೆಮ್ಮಿನ ಹಿನ್ನೆಲೆ ನನಗೆ ಮದುವೆಯಾದ ಮೇಲೆ ತಿಳಿಯಿತು. ಮಾವನವರು ಪ್ರತಿದಿನ ಸಂಜೆ ಪೇಟೆಯ ಹೋಟೆಲಿನಲ್ಲಿ ಬಿಸಿ ದೋಸೆ ತಿಂದು, ಮನೆಯ ಹೆಂಗಸರಿಗೆಂದು ಎಲೆಯಲ್ಲಿ ಸುತ್ತಿದ ಪೊಟ್ಟಣವನ್ನು ತರುತ್ತಿದ್ದರು. ಅದು ಮನೆ ತಲುಪುವಷ್ಟರಲ್ಲಿ ಆರಿ, ಬೆವರಿ, ಚಟ್ನಿಯಲ್ಲಿ ನೆನೆದು ಬಟ್ಟೆಯಂತಾಗಿರುತ್ತಿತ್ತು. ಹೋಟೆಲಿನ ದೋಸೆ ಗರಿಗರಿಯಾಗಿರುತ್ತದೆ ಎಂಬುದನ್ನು ಆಕೆ ಇಪ್ಪತ್ತೆರಡನೆಯ ವಯಸ್ಸಿನವರೆಗೂ ಕೇಳಿ ತಿಳಿದಿದ್ದಳೇ ಹೊರತು ಕಂಡು ತಿಳಿದಿರಲಿಲ್ಲ.

"ಕರ್ಕೊಂಡೇ ಹೋಗ್ತೀನಿ" ಎಂದು ನಾನು ಹೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಚೀನಾದವ್ರ ಹೋಟ್ಲಿಗೂ ಹೋಗಿದೀನಿ" ಎಂದೂ ಸೇರಿಸಿದೆ. ಯಾರೂ ಕೇಳದಿದ್ದ ಈ ಎರಡನೆಯ ವಾಕ್ಯವು ಪೂರ್ತಿ ಸುಳ್ಳು.

ಆಕೆ ಒಪ್ಪಿದಳು. "ಮಿಕ್ಕಿದ್ದರಲ್ಲಿ ನೋಡೋಕೆ ಬಂದ ಗಂಡುಗಳೆಲ್ಲ ಒಂದೇ ಥರ ಇದ್ರು. ನಾನು ಒಪ್ಕೊಂಡಿದ್ದು ಆ ಒಂದು ಉತ್ತರಕ್ಕೆ" ಎಂದು ನಂತರ ನನಗೆ ಸ್ಪಷ್ಟಪಡಿಸಿದ್ದಾಳೆ.

ಮದುವೆಯ ನಂತರ ನಾನು ಮಾಡಿದ್ದೇನೆಂದರೆ, ಪ್ರತಿದಿನ ಸಂಜೆ ಬೇಕರಿಯಿಂದ ಒಂದು ಪೊಟ್ಟಣವನ್ನು ಮನೆಗೆ ತಂದದ್ದು. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ನಾನು ಧಾರಾಳಿಯೆಂಬ ಭಾವನೆಯಲ್ಲಿಯೇ ತರುತ್ತಿದ್ದೆ. ನಡುಮನೆಯ ಸ್ಟೂಲಿನ ಮೇಲೆ ಪೊಟ್ಟಣವನ್ನಿಟ್ಟು, ಆಕೆಯ ಮುಖದಲ್ಲಿ ಸಂತೋಷ ಮೂಡುವುದನ್ನು ಕಾಯುತ್ತಿದ್ದೆ. ಆಕೆ ದಾರವನ್ನು ಬಿಚ್ಚಿ, ಕಾಗದವನ್ನು ಮಡಿಸಿಟ್ಟು, ತಣ್ಣಗಾದ ಖಾರ ಬನ್ನನ್ನು ಮಾತಿಲ್ಲದೆ ತಿನ್ನುತ್ತಿದ್ದಳು. ಸಂತೋಷದಿಂದ ಮಾತು ಹೊರಡುತ್ತಿಲ್ಲವೆಂದು ನಾನು ಭಾವಿಸಿದೆ.

ಹೀಗಿರಲಾಗಿ, ಆಗಿನ್ನೂ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಜೆ.ಪಿ. ನಗರದ ಒಂದು ಅಡ್ಡರಸ್ತೆಯಲ್ಲಿ, ಮನೆಯೊಂದರ ಕಾರ್ ಶೆಡ್ಡಿನಲ್ಲಿ ಹೊಸದೊಂದು ಅಂಗಡಿ ತೆರೆಯಿತು. ಮುಂದೆ ಬೇಕರಿ, ಹಿಂದೆ ನಾಲ್ಕು ಮೇಜು. ಮಾಲೀಕರು ಪುದುಚೇರಿಯ ಕಡೆಯ ವಯಸ್ಸಾದ ತಮಿಳರು. ವಿಯೆಟ್ನಾಮಿನಲ್ಲಿ ಬಹುಕಾಲ ಇದ್ದು, ಯುದ್ಧ ಮುಗಿದ ಮೇಲೆ ಆ ದೇಶದವರೇ ಆದ ಹೆಂಡತಿಯೊಂದಿಗೆ ಹಿಂತಿರುಗಿದವರು. ನಾನು ಅಲ್ಲಿ ಮೊಳದುದ್ದದ ಬ್ರೆಡ್ಡೊಂದನ್ನು ಕೊಂಡು, ಯಥಾಪ್ರಕಾರ ಸೈಕಲ್ಲಿಗೆ ಒರಗಿ ತಿಂದೆ. ಹೊರಗೆ ಹಪ್ಪಳದಂತೆ ಮುರಿಯುತ್ತಿತ್ತು, ಒಳಗೆ ಹತ್ತಿಯಂತಿತ್ತು. ಒಳಗಿನ ಮೇಜುಗಳ ಕಡೆಯಿಂದ ಚಕ್ಕೆ ಮೊಗ್ಗಿನ ಸುವಾಸನೆ ಬರುತ್ತಿತ್ತು. ಅದೇನೆಂದು ವಿಚಾರಿಸಿದೆ.

"ಸೂಪು ಸಾರ್, ಅಕ್ಕಿ ಶ್ಯಾವಿಗೆ ಹಾಕಿದ್ದು. ಇವತ್ತು ನಿಮಗೆ ಆಗಲ್ಲ, ಮಾಂಸ ಇದೆ" ಎಂದು ಮಾಲೀಕರು ನನ್ನ ಹಣೆಯನ್ನು ನೋಡಿ ಹೇಳಿದರು. "ಅಮಾವಾಸ್ಯೆ, ಪೌರ್ಣಮಿ ಎರಡು ದಿನ ಬನ್ನಿ. ನಮ್ಮ ಮನೆಯವರು ಬುದ್ಧನಿಗೆ ಕೈ ಮುಗಿಯೋರು. ಆ ಎರಡು ದಿನ ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಪಾತ್ರೆ ಬೇರೆ, ಸ್ಟೌ ಬೇರೆ."

ಈ ಮಾಹಿತಿಯನ್ನು ಅದೇ ಸಂಜೆ ಹೆಂಡತಿಗೆ ವರದಿ ಮಾಡಿದೆ. ಆ ಸೂಪನ್ನು ನಾನು ಹಿಂದೆಯೇ ಬೇರೆ ಕಡೆ ಹಲವು ಬಾರಿ ಸೇವಿಸಿರುವಂತೆ ವರ್ಣಿಸಿದೆ.

"ಕೂತ್ಕೊಂಡು ತಿನ್ನೋಕೆ ಜಾಗ ಇದ್ಯಾ?" ಎಂದು ಆಕೆ ಕೇಳಿದಳು.

"ನಾಲ್ಕು ಮೇಜಿದೆ."

"ಹುಣ್ಣಿಮೆ ಯಾವತ್ತು?"

"ಅಮ್ಮನ್ನ ಕೇಳ್ಬೇಕು" ಎಂದೆ. ಕೇಳಬೇಕಾಗಿದ್ದದ್ದು ದಿನಾಂಕವನ್ನಲ್ಲ, ಅಪ್ಪಣೆಯನ್ನು ಎಂಬುದು ಇಬ್ಬರಿಗೂ ತಿಳಿದಿತ್ತು. ನಮ್ಮ ಮನೆಯ ಹೆಣ್ಣುಮಕ್ಕಳು ಯಾರೂ ಅದುವರೆಗೆ ಹೋಟೆಲಿನ ಕುರ್ಚಿಯ ಮೇಲೆ ಕುಳಿತವರಲ್ಲ. ಅಮಾವಾಸ್ಯೆಯ ದಿನ ತರ್ಪಣ ಮತ್ತು ಒಪ್ಪತ್ತು ಇದ್ದುದರಿಂದ ಆ ದಿನದ ಮಾತೇ ಇಲ್ಲ. ಉಳಿದದ್ದು ತಿಂಗಳಿಗೆ ಒಂದು ಹುಣ್ಣಿಮೆ.

ಮೊದಲ ಹುಣ್ಣಿಮೆಗೆ ಕಚೇರಿಯಲ್ಲಿ ಲೆಕ್ಕತಪಾಸಣೆ ಇದೆಯೆಂದೆ. ಎರಡನೆಯದಕ್ಕೆ ನೆಗಡಿ. ಮೂರನೆಯ ಹುಣ್ಣಿಮೆಯಂದು ಆಕೆ, "ಅತ್ತೆ ಏನಂದ್ರು?" ಎಂದು ನೇರವಾಗಿಯೇ ಕೇಳಿದಾಗ, "ಯೋಚ್ನೆ ಮಾಡ್ತಿದಾರೆ" ಎಂದುಬಿಟ್ಟೆ. ವಾಸ್ತವವಾಗಿ ನಾನು ತಾಯಿಯವರ ಮುಂದೆ ಆ ಪ್ರಸ್ತಾವನೆಯನ್ನು ಮಂಡಿಸಿರಲೇ ಇಲ್ಲ. ಎರಡು ಬಾರಿ ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ, "ಏನೋ?" ಎಂದು ಅವರು ಕೇಳಿದೊಡನೆ, "ನೀರು" ಎಂದು ಹೇಳಿ, ಬೇಡವಾಗಿದ್ದ ನೀರನ್ನು ಕುಡಿದು ಹಿಂತಿರುಗಿದ್ದೆ. ಹತ್ತು ಜನರಿಗೆ ಕಟ್ಟುನಿಟ್ಟಿನ ಪತ್ರಗಳ ಕರಡು ತಯಾರಿಸುತ್ತಿದ್ದ ಮನುಷ್ಯ ನಾನು.

ನಾಲ್ಕನೆಯ ಹುಣ್ಣಿಮೆಯ ನಂತರ ಹೆಂಡತಿ ಕೇಳುವುದನ್ನು ನಿಲ್ಲಿಸಿದಳು. ಅದೇ ಸುಮಾರಿಗೆ, ಹುಣ್ಣಿಮೆಯ ಮಧ್ಯಾಹ್ನಗಳಲ್ಲಿ ಅತ್ತೆ ಸೊಸೆ ಇಬ್ಬರೂ ಹೊರಗೆ ಹೋಗುವ ಹೊಸ ಕ್ರಮ ಆರಂಭವಾಯಿತು. ಹುಣ್ಣಿಮೆಯೆಂದ ಮೇಲೆ ಯಾರದೋ ಮನೆಯ ಸತ್ಯನಾರಾಯಣ ಪೂಜೆಯೇ ಇರಬೇಕೆಂದು ನಾನು ನಿರ್ಣಯಿಸಿದೆ. ಪಂಚಾಂಗದ ಪುಟಗಳಲ್ಲಿ ಪೌರ್ಣಮಿಯ ಸಾಲುಗಳಿಗೆ ಪೆನ್ಸಿಲ್ ಗುರುತು ಬಿದ್ದಿರುವುದೂ ನನ್ನ ಗಮನಕ್ಕೆ ಬಂದಿತು. ಹೆಂಡತಿಯ ಮನಸ್ಸು ದೇವರ ಕಡೆ ತಿರುಗಿತಲ್ಲ, ವಿಷಯ ತಾನಾಗಿಯೇ ಮುಕ್ತಾಯವಾಯಿತಲ್ಲ ಎಂದು ನೆಮ್ಮದಿಪಟ್ಟೆ. ಒಮ್ಮೆ ಮಾತ್ರ, "ಪ್ರಸಾದ ತರ್ಲಿಲ್ವಾ?" ಎಂದು ವಿಚಾರಿಸಿದೆ.

"ಅಲ್ಲೇ ಮುಗ್ದುಹೋಯ್ತು ಕಣೋ" ಎಂದು ತಾಯಿಯವರು ಕಾಲು ತೊಳೆಯಲು ಹೋದರು.

ಕೆಲವು ತಿಂಗಳ ತರುವಾಯ ಮಾವನವರು ನಮ್ಮಲ್ಲಿಗೆ ಬಂದರು. ಊಟಕ್ಕೆ ಕುಳಿತಿದ್ದಾಗ ಮಗಳನ್ನು ಹಾಸ್ಯವಾಗಿ ಕೇಳಿದರು. "ಏನಮ್ಮಾ, ನಿನ್ನ ಷರತ್ತು ಏನಾಯ್ತು? ಹೋಟ್ಲು ನೋಡಿದ್ಯೋ ಇಲ್ವೋ?"

ನನ್ನ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. ಹೆಂಡತಿ ಸಾರು ಬಡಿಸುತ್ತ ತಲೆಯೆತ್ತದೆಯೇ ಹೇಳಿದಳು. "ಹೋಗ್ತೀವಲ್ಲಪ್ಪ, ತಿಂಗ್ಳಿಗೊಂದ್ಸಲ."

ನನ್ನ ಮಾನ ಉಳಿಸುವುದಕ್ಕಾಗಿ ತಂದೆಯ ಮುಂದೆ ಸುಳ್ಳಾಡಿದಳು! ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆಕೆ ನನ್ನ ಒಂದು ಮಾತನ್ನು ನಂಬಿ ಬಂದವಳು, ಆ ಮಾತು ಬಾಕಿಯಿತ್ತು, ಇದೀಗ ಆಕೆ ನನಗಾಗಿ ಸುಳ್ಳನ್ನೂ ಹೇಳಬೇಕಾಯಿತು. ಮುಂದಿನ ಹುಣ್ಣಿಮೆ ಭಾನುವಾರ ಬಿದ್ದಿತ್ತು. ಆ ದಿನ ಏನಾದರಾಗಲಿ ಕರೆದುಕೊಂಡು ಹೋಗತಕ್ಕದ್ದೆಂದು ನನಗೆ ನಾನೇ ಆದೇಶ ಹೊರಡಿಸಿಕೊಂಡೆ.

ಭಾನುವಾರ ಬೆಳಿಗ್ಗೆ ತಾಯಿಯವರಿಗೆ, "ಇವ್ಳನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ಬರ್ತೀನಿ" ಎಂದೆ. ಧೈರ್ಯ ಅಷ್ಟರಮಟ್ಟಿಗೆ ಮಾತ್ರ ಬಂದಿತ್ತು. ತಾಯಿಯವರು ನನ್ನನ್ನು ನೋಡಿದರು, ಸೊಸೆಯನ್ನು ನೋಡಿದರು, ಗೋಡೆಯ ಮೊಳೆಗೆ ತೂಗುಹಾಕಿದ್ದ ಪಂಚಾಂಗವನ್ನೂ ಒಮ್ಮೆ ನೋಡಿದರು. "ಹೋಗ್ಬನ್ನಿ. ಇವತ್ತು ನೀವಿಬ್ರೇ ಹೋಗ್ಬನ್ನಿ" ಎಂದರು.

ನಾಲ್ಕು ಮೇಜುಗಳಲ್ಲಿ ಮೂಲೆಯದನ್ನು ಆರಿಸಿಕೊಂಡು, ರಸ್ತೆಗೆ ಬೆನ್ನು ಮಾಡಿ ಕುಳಿತೆ. ಎರಡು ದೊಡ್ಡ ಪಿಂಗಾಣಿ ಬಟ್ಟಲುಗಳಲ್ಲಿ ಸೂಪು ಬಂದಿತು. ತಿಳಿಯಾದ ಸಾರಿನಂತಹ ದ್ರವ, ಅದರ ತಳದಲ್ಲಿ ಒತ್ತು ಶ್ಯಾವಿಗೆಯಂತಹ ಎಳೆಗಳು, ಮೇಲೆ ಕೊತ್ತಂಬರಿ, ಸೌತೆಕಾಯಿಯ ತುಂಡು, ನಿಂಬೆಹೋಳು. ಪಕ್ಕದಲ್ಲಿ ಎರಡು ಕಡ್ಡಿಗಳೂ ಪುಟ್ಟ ಸೌಟಿನಂತಹ ಒಂದು ಪಿಂಗಾಣಿ ಚಮಚವೂ ಇದ್ದವು. ಚಮಚವು ಬಡಿಸುವುದಕ್ಕಾಗಿ ಇಟ್ಟದ್ದೆಂದು ತಿಳಿದು ಅದನ್ನು ದೂರ ಸರಿಸಿದೆ. ಕಡ್ಡಿಗಳ ಬಗ್ಗೆ ಯಾವ ಅಭಿಪ್ರಾಯಕ್ಕೂ ಬರಲಾಗಲಿಲ್ಲ.

"ಹೇಗೆ ತಿನ್ನೋದು ಇದನ್ನ?" ಎಂದು ಹೆಂಡತಿ ಕೇಳಿದಳು. ಆಕೆಯ ದನಿ ಬಹಳ ವಿನಯದಿಂದ ಕೂಡಿತ್ತು. ಆ ವಿನಯದ ಬಗ್ಗೆ ನನಗೆ ಆಗಲೇ ಸಂಶಯ ಬರಬೇಕಿತ್ತು.

"ಮೊದ್ಲು ಸಾರು, ಆಮೇಲೆ ಶ್ಯಾವಿಗೆ" ಎಂದು ನಾನು ಅಧಿಕಾರಯುತವಾಗಿ ಹೇಳಿದೆ.

ಇಲ್ಲಿ ನಮ್ಮ ಮನೆಯ ಒಂದು ಅಭ್ಯಾಸವನ್ನು ತಿಳಿಸುವುದು ಅಗತ್ಯ. ನೀರಾಗಲಿ, ಮಜ್ಜಿಗೆಯಾಗಲಿ, ಕಾಫಿಯಾಗಲಿ, ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕು. ಕಚ್ಚಿ ಕುಡಿದರೆ ಎಂಜಲು. ಅದರಲ್ಲಿಯೂ ಹತ್ತು ಜನ ಉಪಯೋಗಿಸಿದ ಹೋಟೆಲಿನ ಪಾತ್ರೆಯನ್ನು ಕಚ್ಚುವ ಮಾತೇ ಇಲ್ಲ. ಮೂವತ್ತು ವರ್ಷ ಈ ವಿದ್ಯೆಯಲ್ಲಿ ಪಳಗಿದ ನಾನು, ಬಟ್ಟಲನ್ನು ಎರಡೂ ಕೈಗಳಿಂದ ಹಿಡಿದು, ಹಣೆಯ ಮಟ್ಟಕ್ಕೆ ಎತ್ತಿ, ತಲೆಯನ್ನು ಹಿಂದಕ್ಕೆ ವಾಲಿಸಿ, ಬಾಯಿ ತೆರೆದು ಸೂಪನ್ನು ಸುರಿದುಕೊಂಡೆ.

ಮೊದಲ ಧಾರೆ ಸರಿಯಾಗಿಯೇ ಬಂದಿತು, ನಾಲಿಗೆ ಸುಟ್ಟದ್ದನ್ನು ಬಿಟ್ಟರೆ. ನಂತರ ತಳದಲ್ಲಿದ್ದ ಶ್ಯಾವಿಗೆಯೆಲ್ಲವೂ ಒಟ್ಟಾಗಿ ಜಾರಿ, ಯಾವ ಮುನ್ಸೂಚನೆಯೂ ಇಲ್ಲದೆ ನನ್ನ ಮುಖದ ಮೇಲೆ ಇಳಿಯಿತು. ಕನ್ನಡಕ ಮಂಜಾಯಿತು. ಒಂದು ಕೊತ್ತಂಬರಿ ಸೊಪ್ಪಿನ ಕಡ್ಡಿ ಮೂಗಿನ ಪಕ್ಕದಲ್ಲಿ ಅಂಟಿಕೊಂಡಿತು. ಮದುವೆಯಲ್ಲಿ ಮಾವನವರು ಕೊಟ್ಟಿದ್ದ ಟೆರಿಲಿನ್ ಅಂಗಿಯ ಜೇಬಿನೊಳಗೆ ಬಿಸಿ ಸೂಪು ಸಂಗ್ರಹವಾಯಿತು.

ಮಾಲೀಕರು ಒದ್ದೆ ಬಟ್ಟೆಯನ್ನು ತೆಗೆದುಕೊಂಡು ಓಡಿಬಂದರು. ನನ್ನ ಮುಖವನ್ನು ಒರೆಸುತ್ತಲೇ ಹೆಂಡತಿಯನ್ನು ಕೇಳಿದರು. "ಇವರೇನಮ್ಮಾ ನಿಮ್ಮ ಯಜಮಾನರು? ದೊಡ್ಡಮ್ಮ ಯಾಕೆ ಬರಲಿಲ್ಲ? ಅವರ ಸೋಡಾ ಐಸಲ್ಲಿ ಇಟ್ಟಿದೀನಲ್ಲ!"

ಒಳಗಿನಿಂದ ಮಾಲೀಕರ ಹೆಂಡತಿ ಬಂದರು. ಅವರಿಗೆ ಕನ್ನಡ ಬಾರದು. ನನ್ನ ಹೆಂಡತಿಯ ಬೆನ್ನನ್ನು ಸವರಿ, ಕೇಳದೆಯೇ ಒಂದು ತಟ್ಟೆಯಲ್ಲಿ ಬಿಸಿ ಸುರುಳಿಗಳನ್ನು ಇಟ್ಟುಹೋದರು. ಅಕ್ಕಿಯ ತೆಳು ಹಾಳೆಯಲ್ಲಿ ತರಕಾರಿಯನ್ನು ಸುತ್ತಿ ಕರಿದವು. ನಾನು ಕನ್ನಡಕ ಒರೆಸಿ ಹಾಕಿಕೊಂಡು ನೋಡಿದಾಗ, ಹೆಂಡತಿ ಎರಡು ಕಡ್ಡಿಗಳನ್ನು ಒಂದೇ ಕೈಯಲ್ಲಿ ಹಿಡಿದು, ಹೂ ಕಟ್ಟುವಷ್ಟು ಸಲೀಸಾಗಿ ಶ್ಯಾವಿಗೆಯನ್ನು ಎತ್ತಿ ತಿನ್ನುತ್ತಿದ್ದಳು.

"ಎಷ್ಟು ಸಲ ಬಂದಿದೀಯ?" ಎಂದು ಕೇಳಿದೆ. ಸುಟ್ಟ ನಾಲಿಗೆಯಿಂದಾಗಿ ಪ್ರಶ್ನೆ ಸ್ಪಷ್ಟವಾಗಿ ಹೊರಡಲಿಲ್ಲ.

"ಇದು ಆರನೇದು. ನಾಲ್ಕು ಹುಣ್ಣಿಮೆ ನಿಮ್ಮನ್ನ ಕಾದೆ. ಆಮೇಲೆ ನಾನೇ ಅತ್ತೇನ ಕೇಳ್ದೆ."

"ಅಮ್ಮ ಏನಂದ್ರು?"

"ಹೆಂಗಸು ಒಬ್ಳೇ ಹೋಟ್ಲಲ್ಲಿ ಕೂರ್ಬಾರ್ದು, ತಡಿ ಸೀರೆ ಉಟ್ಕೊಂಡು ಬರ್ತೀನಿ ಅಂದ್ರು."

"ನಿಮ್ಮಪ್ಪನ ಹತ್ರ ಹೇಳಿದ್ದು?"

"ಹೋಗ್ತೀವಿ ಅಂದೆ. ಹೋಗ್ತಿದ್ವಲ್ಲ."

ಒದ್ದೆಯಾದ ಜೇಬನ್ನು ಹಿಂಡುತ್ತ ಕೇಳಿದೆ. "ನನಗೆ ಯಾಕೆ ಹೇಳ್ಲಿಲ್ಲ?"

ಆಕೆ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡಲಾಗಿ ಇಟ್ಟಳು. "ಕರ್ಕೊಂಡು ಹೋಗ್ತೀನಿ ಅಂದೋರು ನೀವು. ಯಾವಾಗ ಕರೀತೀರೋ ನೋಡೋಣ ಅಂತಿದ್ದೆ. ಚೀನಾದವ್ರ ಹೋಟ್ಲಲ್ಲೆಲ್ಲ ತಿಂದೋರು ಬೇರೆ" ಎಂದು ನನ್ನ ಜೇಬಿನ ಕಡೆ ನೋಡಿದಳು. ನಂತರ ತಡೆಯಲಾಗದೆ ನಕ್ಕಳು. "ಸುರುಳಿ ತಿನ್ನಿ. ಆರಿಹೋಗತ್ತೆ."

ಮನೆಗೆ ಹಿಂತಿರುಗಿದಾಗ ತಾಯಿಯವರು ಬಾಗಿಲಿನಲ್ಲಿಯೇ ನನ್ನ ತುಟಿಯನ್ನು ಪರಿಶೀಲಿಸಿದರು. "ಎತ್ತಿ ಕುಡಿದ್ಯಾ? ಪೆದ್ದು ಮುಂಡೇದೆ, ಚಮಚ ಇಟ್ಟಿರ್ತಾರಲ್ಲೋ!"

"ನೀನೂ ತಿಂದ್ಯಾ ಅಮ್ಮ ಅಲ್ಲಿ?"

"ನಾನ್ಯಾಕೆ ತಿನ್ಲಿ? ಬರೀ ಸೋಡಾ. ಅದೂ ಎತ್ತಿ ಕುಡ್ದೆ" ಎಂದು ಅವರು ದೃಢವಾಗಿ ಹೇಳಿದರು. "ಇವ್ಳು ತಿನ್ಲಿ ಬಿಡು. ತಿಥಿ ನೋಡಿ ಒಲೆ ಹಚ್ಚೋ ಹೆಂಗಸು ಕಣೋ ಆ ಹೋಟ್ಲಿನಾಕೆ. ನೀನು ದಿನಾ ತರ್ತೀಯಲ್ಲ ಆ ಬನ್ನು, ಅದರಲ್ಲಿ ಏಕಾದಶಿ ದಿನಾನೂ ಈರುಳ್ಳಿ ಇರತ್ತೆ. ಹೊರಗಡೆ ತಾನೇ ಇರತ್ತೆ ಅಂತ ಸುಮ್ನಿದ್ದೆ."

ಹತ್ತು ತಿಂಗಳು ನಾನು ಯಾರಿಗೆ ಹೆದರಿ ಕಡತವನ್ನು ಮೇಜಿನೊಳಗೆ ಬಚ್ಚಿಟ್ಟಿದ್ದೆನೋ, ಅವರು ಅದನ್ನು ಒಂದೇ ನಿಮಿಷದಲ್ಲಿ, ನನ್ನ ರುಜುವಿಲ್ಲದೆ, ವಿಲೇವಾರಿ ಮಾಡಿ ಮುಗಿಸಿದ್ದರು.

ಮುಂದಿನ ಹುಣ್ಣಿಮೆ ಕೆಲಸದ ದಿನದಂದು ಬಿದ್ದಿತು. ಸಂಜೆ ಬರಿಗೈಯಲ್ಲಿ ಮನೆಗೆ ಬಂದೆ. ಆ ಭಾನುವಾರದಿಂದಲೇ ಬೇಕರಿಯ ಪೊಟ್ಟಣವನ್ನು ನಿಲ್ಲಿಸಿಬಿಟ್ಟಿದ್ದೆ. ನಡುಮನೆಯ ಸ್ಟೂಲಿನ ಮೇಲೆ, ನಾನು ಇಡುತ್ತಿದ್ದ ಜಾಗದಲ್ಲಿಯೇ, ದಾರ ಕಟ್ಟಿದ ಒಂದು ಪೊಟ್ಟಣವಿತ್ತು.

"ನಾವು ಹೋಗಿದ್ವಿ. ನಿಮಗೂ ಇರ್ಲಿ ಅಂತ ಕಟ್ಟಿಸ್ಕೊಂಡು ಬಂದೆ" ಎಂದಳು ಹೆಂಡತಿ.

ಬಿಚ್ಚಿದೆ. ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕಾಗದಕ್ಕೆಲ್ಲ ಎಣ್ಣೆ ಹಿಡಿದಿತ್ತು. ಕಚ್ಚಿದರೆ ಗರಿ ಎನ್ನಲಿಲ್ಲ, ಒದ್ದೆ ರಟ್ಟಿನಂತೆ ಜಗ್ಗಿತು. ಆಕೆ ಎದುರಿನಲ್ಲಿ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೇಗಿದೆ?"

"ಚೆನ್ನಾಗಿದೆ."

"ಅಪ್ಪ ಕೇಳ್ದಾಗ ನಾವೂ ಹಾಗೇ ಹೇಳ್ತಿದ್ವಿ" ಎಂದಳು.

ಉಳಿದ ಎರಡು ಸುರುಳಿಗಳನ್ನೂ ನಾನು ಪೂರ್ತಿ ತಿಂದೆ. ತಿನ್ನಬೇಕೆಂದೇ ತಿಂದೆ. ಹೆಣ್ಣು ನೋಡಲು ಹೋದ ದಿನ ಆಕೆ ಕೇಳಿದ್ದ ಪ್ರಶ್ನೆಯ ಅರ್ಥ ಆ ಸಂಜೆ ನನ್ನ ಬಾಯಿಗೆ ತಿಳಿಯಿತು.

ಅದರ ಮುಂದಿನ ಹುಣ್ಣಿಮೆಗೆ ಒಂದು ವಾರ ಮೊದಲೇ ಅರ್ಧ ದಿನದ ರಜೆಗೆ ಅರ್ಜಿ ಬರೆದೆ. ಕಾರಣವೆಂಬ ಜಾಗದಲ್ಲಿ ‘ಹೆಂಡತಿ ಮತ್ತು ತಾಯಿಯವರನ್ನು ಹೋಟೆಲಿಗೆ ಕರೆದುಕೊಂಡು ಹೋಗಬೇಕಾಗಿರುವುದರಿಂದ’ ಎಂದು ನಮೂದಿಸಿದೆ. ನಮ್ಮ ಶಾಖೆಯ ಅಧೀಕ್ಷಕರು ಅದನ್ನು ಎರಡು ಬಾರಿ ಓದಿದರು.

"ಏನ್ರೀ ಇದು? ಹೊಟ್ಟೆನೋವು ಅಂತ ಬರೀರಿ, ಕೊಡ್ತೀನಿ."

"ಹೊಟ್ಟೆನೋವಿಲ್ಲ ಸಾರ್" ಎಂದೆ. ನನ್ನ ಕರಡಿನ ಒಂದು ಸಾಲನ್ನು ಬದಲಾಯಿಸಲು ನಾನು ಒಪ್ಪದೇ ಇದ್ದದ್ದು ಇಡೀ ಸೇವೆಯಲ್ಲಿ ಅದೊಂದೇ ಸಾರಿ.

ಅಧೀಕ್ಷಕರು ರುಜು ಹಾಕಿದರು. "ಸರಿ, ಬರೋವಾಗ ನಂಗೂ ಒಂದು ಪೊಟ್ಟಣ ಹಾಕಿಸ್ಕೊಂಡ್ಬನ್ನಿ."

"ಪೊಟ್ಟಣದಲ್ಲಿ ಚೆನ್ನಾಗಿರಲ್ಲ ಸಾರ್, ಅಲ್ಲೇ ಬಂದು ತಿನ್ಬೇಕು. ಮನೆಯವ್ರನ್ನೂ ಕರ್ಕೊಂಡು ಬನ್ನಿ."

ಅವರು ಅರ್ಜಿಯನ್ನು ಕೈಯಲ್ಲಿಯೇ ಹಿಡಿದು ಕಿಟಕಿಯ ಕಡೆ ನೋಡಿದರು. ಅವರ ಮನೆಗೆ ಎಷ್ಟು ವರ್ಷಗಳಿಂದ ಎಷ್ಟು ಪೊಟ್ಟಣಗಳು ಹೋಗಿದ್ದವೋ ನನಗೆ ತಿಳಿಯದು.

"ಕೂತ್ಕೊಳ್ಳೋಕೆ ಜಾಗ ಇದ್ಯೇನ್ರೀ ಅಲ್ಲಿ?" ಎಂದು ಕೇಳಿದರು.

"ನಾಲ್ಕು ಮೇಜಿದೆ ಸಾರ್" ಎಂದೆ. "ಒಂದರಲ್ಲಿ ನಾವಿರ್ತೀವಿ."